ಗೈರು ಬರೆಯುವವಳು

ಆ ನವೆಂಬರಿನಲ್ಲಿ ನಮ್ಮ ಶಾಲೆ ಮುಚ್ಚುತ್ತದೆ ಎಂಬ ಸುದ್ದಿ ಊರೆಲ್ಲ ಹರಡಿತ್ತು. ನನಗಿದ್ದ ಚಿಂತೆ ಬೇರೆ. ನನ್ನ ಕೂದಲಲ್ಲಿ ಆಲಿವ್ ಎಲೆ ಸಿಕ್ಕಿಕೊಂಡಿದೆಯೋ ಇಲ್ಲವೋ?

ಆಗಿನ ಡೈರಿ ತೆಗೆದರೆ ಈಗ ನಾಚಿಕೆಯಾಗುತ್ತದೆ. ಒಂದು ದಿನ ಬರೆದಿದ್ದೇನೆ: ‘ಇವತ್ತು ಎರಡು ಎಲೆ. ಒಂದು ಕಾಲರಿನ ಒಳಗೆ. ಯಾರೂ ನೋಡಿಲ್ಲ ಅನ್ನಿಸುತ್ತದೆ.’ ಮರುದಿನ: ‘ಎಲೆ ಇಲ್ಲ. ಉಗುರು ಕಪ್ಪು.’ ಮುಂದೆ ಯಾರಾದರೂ ಇತಿಹಾಸ ಬರೆಯಲು ನನ್ನ ಡೈರಿಯನ್ನು ನಂಬಿದರೆ, ಆ ವರ್ಷ ಗ್ರೀಸಿನಲ್ಲಿ ಎಲೆ ಉದುರಿದ್ದು ಬಿಟ್ಟು ಬೇರೇನೂ ನಡೆದಿಲ್ಲ ಎಂದುಕೊಳ್ಳುತ್ತಾರೆ.

ಈಗ ನಾನು ಪದವೀಧರೆ. ಜೊತೆಯವರಿಗಿಂತ ಒಂದು ವರ್ಷ ತಡವಾಗಿ. ಯಾಕೆ ತಡವಾಯಿತು ಎಂದು ಯಾರಾದರೂ ಕೇಳಿದರೆ ಮೈ ಹುಷಾರಿರಲಿಲ್ಲ ಎನ್ನುತ್ತೇನೆ. ಇಲ್ಲಿ ನಿಜ ಬರೆಯುತ್ತೇನೆ. ಬರೆಯುವುದು ಸುಲಭ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ.

ನಮ್ಮೂರು ಅಗ್ರಿಲೋಸ್, ದಕ್ಷಿಣ ಗ್ರೀಸಿನ ಮೆಸ್ಸಿನಿಯಾದ ಗುಡ್ಡದ ಮೇಲೆ. ಚಳಿಗಾಲ ಬಂತೆಂದರೆ ಊರಿನವರೆಲ್ಲ ಆಲಿವ್ ಮರದ ಕೆಳಗೆ. ತೋಟದವರು ನಿಂತಿರುತ್ತಾರೆ. ಕೂಲಿಯವರು ಬಗ್ಗಿರುತ್ತಾರೆ. ನಾವು ಬಗ್ಗುವವರು. ಬೆಳಕು ಹರಿಯುವ ಮೊದಲೇ ಮರದ ಬುಡಕ್ಕೆ ಬಲೆ ಹಾಸಬೇಕು. ಅಪ್ಪ ಉದ್ದನೆಯ ಕೋಲಿನಿಂದ ಕೊಂಬೆ ಬಡಿಯುತ್ತಿದ್ದ. ಅಮ್ಮ ಕೆಳಗಿನ ರೆಂಬೆಗಳನ್ನು ಕೈಕುಂಟೆಯಿಂದ ತಲೆ ಬಾಚಿದ ಹಾಗೆ ಬಾಚುತ್ತಿದ್ದಳು. ಕಾಯಿ ತಲೆಯ ಮೇಲೆ, ಬೆನ್ನಿನ ಮೇಲೆ, ಕುತ್ತಿಗೆಯ ಸಂದಿಗೆ ಬೀಳುತ್ತಿತ್ತು. ಇಬ್ಬನಿಯಲ್ಲಿ ನೆಂದ ಬಲೆಯನ್ನು ಒಬ್ಬರಿಂದ ಎಳೆಯಲಾಗದು. ಆ ತುದಿಗೊಬ್ಬರು, ಈ ತುದಿಗೊಬ್ಬರು ಹಿಡಿದು ಮುಂದಿನ ಮರಕ್ಕೆ ಎಳೆಯಬೇಕು. ಬೆರಳ ಗೆಣ್ಣು ಮಡಿಸಲು ಬರುತ್ತಿರಲಿಲ್ಲ. ಮೊಣಕಾಲಿಗೆ ಗೋಣಿಚೂರು ಕಟ್ಟಿಕೊಳ್ಳುತ್ತಿದ್ದೆ. ಶಾಲೆಯ ತಿರುವಿನಲ್ಲಿ ಅದನ್ನು ಬಿಚ್ಚಿ ಬ್ಯಾಗಿಗೆ ತುರುಕಿ, ಕೂದಲು ಕೊಡವಿಕೊಂಡು, ವಿದ್ಯಾವಂತೆಯ ಮುಖ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ಅಪ್ಪ ಅಮ್ಮ ಅಲ್ಬೇನಿಯಾದಿಂದ ನಡೆದು ಬಂದವರು. ನಾನು ಅಪ್ಪನ ಹೆಗಲ ಮೇಲೆ ಬಂದೆ. ನನಗೆ ಸಿಕ್ಕಿದ ಎತ್ತರದ ಸ್ಥಾನ ಅದೊಂದೇ. ಹುಟ್ಟಿದಾಗ ಇಟ್ಟ ಹೆಸರು ಲುಮ್ತೂರಿ. ಶಾಲೆಗೆ ಸೇರಿಸುವಾಗ ಅಪ್ಪ ಅದನ್ನು ಗ್ರೀಕಿಗೆ ತಿರುಗಿಸಿ ಎಫ್ತಿಹಿಯಾ ಎಂದು ಬರೆಸಿದ. ಎರಡಕ್ಕೂ ಅರ್ಥ ಸಂತೋಷ. ಎರಡು ಭಾಷೆಗಳಲ್ಲಿ ಸಂತೋಷ ಎನಿಸಿಕೊಂಡವಳು ಒಂದರಲ್ಲೂ ಬಾಯಿ ಬಿಡುತ್ತಿರಲಿಲ್ಲ.

ಬಾಯಿ ಬಿಡದವಳಿಗೆ ಓದಲು ಸಮಯ ಸಿಗುತ್ತದೆ. ಅಂಕಗಳಲ್ಲಿ ನಾನೇ ಮೊದಲು. ನಮ್ಮ ಶಾಲೆಗಳಲ್ಲಿ ಮೊದಲು ಬಂದವರಿಗೆ ಎರಡು ಗೌರವ. ಅಕ್ಟೋಬರ್ ಇಪ್ಪತ್ತೆಂಟರ ರಾಷ್ಟ್ರೀಯ ಹಬ್ಬದ ಮೆರವಣಿಗೆಯಲ್ಲಿ ಬಾವುಟ ಹಿಡಿಯುವುದು. ತರಗತಿಯ ಗೈರುಪುಸ್ತಕ ಇಟ್ಟುಕೊಳ್ಳುವುದು.

ಬಾವುಟದ ವಿಷಯ ಬೇಗ ಮುಗಿಯಿತು. ಅಲ್ಬೇನಿಯಾದ ಕೂಲಿಯವನ ಮಗಳು ಬಾವುಟ ಹಿಡಿಯುವುದೇ ಎಂದು ಕೆಲವು ತಂದೆತಾಯಿಗಳು ಗೊಣಗಿದರು. ಮುಖ್ಯೋಪಾಧ್ಯಾಯ ದ್ರಿವಾಸ್ ಸರ್ ನನ್ನನ್ನು ಕೋಣೆಗೆ ಕರೆದು ಕಿತ್ತಳೆ ರಸ ಕೊಟ್ಟರು. ಆ ದಿನ ನನಗೇನಾದರೂ ಹೊಟ್ಟೆನೋವು ಬಂದುಬಿಟ್ಟರೆ ಎಲ್ಲರಿಗೂ ಅನುಕೂಲ ಎಂದರು. ನಾನೆಷ್ಟು ವಿಧೇಯಳೆಂದರೆ, ಆ ದಿನ ನಿಜಕ್ಕೂ ಹೊಟ್ಟೆ ನೋಯಿತು.

ಗೈರುಪುಸ್ತಕ ಮಾತ್ರ ನನ್ನ ಹತ್ತಿರವೇ ಉಳಿಯಿತು. ಅದಕ್ಕೆ ಯಾರೂ ಗೊಣಗಲಿಲ್ಲ. ಯಾರಿಗೂ ಬೇಡದ ಕೆಲಸ. ಪ್ರತಿ ಪೀರಿಯಡ್ಡಿಗೆ ಯಾರು ಬಂದಿಲ್ಲ ಎಂದು ಬರೆಯಬೇಕು, ದಿನದ ಕೊನೆಗೆ ಮೇಷ್ಟ್ರ ಸಹಿ ಹಾಕಿಸಬೇಕು. ಕಾರಣವಿಲ್ಲದ ಗೈರು ಐವತ್ತು ಗಂಟೆ ದಾಟಿದರೆ ವರ್ಷವೇ ಹೋಯಿತು, ಮತ್ತೆ ಅದೇ ತರಗತಿ. ಹಾಗಾಗಿ ಬೇರೆ ತರಗತಿಯ ಗೈರು ಬರೆಯುವವರು ಪೆನ್ಸಿಲಿನಲ್ಲಿ ಬರೆದು ಸ್ನೇಹಿತರಿಗಾಗಿ ಅಳಿಸುತ್ತಿದ್ದರು. ಬದಲಿಗೆ ಕ್ಯಾಂಟೀನಿನ ಚೀಸ್ ಪಫ್ ಸಿಗುತ್ತಿತ್ತು. ನಾನು ಇಂಕಿನಲ್ಲಿ ಬರೆಯುತ್ತಿದ್ದೆ. ಅದು ಪ್ರಾಮಾಣಿಕತೆ ಅಂದುಕೊಳ್ಳಬೇಡಿ. ಹೆದರಿಕೆ. ನನಗೆ ಪಫ್ ಕೊಡಲು ಯಾರೂ ಬರಲೂ ಇಲ್ಲ.

ಆ ಪುಸ್ತಕದಲ್ಲಿ ಒಂದು ಸಾಲು ಮಾತ್ರ ಸುಳ್ಳು. ನನ್ನ ಸಾಲು.

ನಾವು ಕೊಯ್ಯುತ್ತಿದ್ದುದು ದ್ರಿವಾಸ್ ಸರ್ ಅವರ ತೋಟ. ಅವರ ಹೆಂಡತಿಯ ಕಡೆಯಿಂದ ಬಂದ ನಾನೂರು ಮರ. ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಸರ್ ಜೀಪು ನಿಲ್ಲಿಸಿ ನೋಡಿಕೊಂಡು ಹೋಗುತ್ತಿದ್ದರು. ಮೇಲೆ ಟೈ, ಕೆಳಗೆ ರಬ್ಬರ್ ಬೂಟು. ಮೊದಲ ದಿನವೇ ನನ್ನನ್ನು ಮರದ ಹಿಂದಕ್ಕೆ ಕರೆದು, ಮೂರನೇ ಪೀರಿಯಡ್ಡಿಗೆ ಬಂದರೆ ಸಾಕು, ನಿನ್ನ ಸಾಲು ಖಾಲಿ ಬಿಡು, ನೀನು ನಮ್ಮ ಶಾಲೆಯ ಹೆಮ್ಮೆ ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಅವರ ಕಾಯಿ ಕೊಯ್ಯಲು ಅವರೇ ಕೊಟ್ಟ ರಜಕ್ಕೆ ನಾನು ಥ್ಯಾಂಕ್ಸ್ ಹೇಳಿದೆ.

ಅದೇ ತೋಟಕ್ಕೆ ಮತಿನಾ ಬರುತ್ತಿದ್ದಳು. ನನ್ನ ತರಗತಿಯವಳೇ. ಊರಿನವಳೇ, ಗ್ರೀಕರವಳೇ, ಆದರೆ ಅಪ್ಪನಿಲ್ಲ, ಒಂದು ಮರವೂ ಇಲ್ಲ. ಇನ್ನೂ ಐದಾರು ಮಂದಿ ಬರುತ್ತಿದ್ದರು. ಅವರ್ಯಾರೂ ಶಾಲೆಯ ಹೆಮ್ಮೆಯಲ್ಲ. ಅವರಿಗೆ ಮರದ ಹಿಂದೆ ಕರೆದು ಯಾರೂ ಏನೂ ಹೇಳಲಿಲ್ಲ. ಅವರು ಇನ್ನೂ ಮರದ ಕೆಳಗಿರುವಾಗಲೇ ನಾನು ಮೂರನೇ ಪೀರಿಯಡ್ಡಿಗೆ ಓಡಿಹೋಗಿ, ಬೆಂಚಿನಲ್ಲಿ ಕೂತು, ಉಸಿರು ಕೆಳಗಿಳಿಯುವ ಮೊದಲೇ ಇಂಕಿನಲ್ಲಿ ಬರೆಯುತ್ತಿದ್ದೆ: ಮತಿನಾ, ಗೈರು. ನನ್ನ ಸಾಲು ಬಿಳಿ. ಮೇಷ್ಟ್ರುಗಳು ನೋಡದೆ ಸಹಿ ಮಾಡುತ್ತಿದ್ದರು. ಒಬ್ಬೊಬ್ಬರಿಗೆ ಮೂರು ಮೂರು ಶಾಲೆ ಹಂಚಿದ್ದರು, ಅವರ ಕಣ್ಣು ಬಸ್ಸಿನ ಮೇಲೆ.

ಮತಿನಾ ಒಂದು ಸಲವೂ ಜಗಳ ಮಾಡಲಿಲ್ಲ. ಅರ್ಧ ಗೈರಿಗೆ ಅವಳ ಅಮ್ಮ ಡಾಕ್ಟರ ಚೀಟಿ ತಂದು ಕಾರಣವಿಲ್ಲದ್ದನ್ನು ಹೇಗೋ ಐವತ್ತರ ಒಳಗೆ ಇಟ್ಟಿದ್ದಳು. ಒಮ್ಮೆ ಮಾತ್ರ ನನ್ನ ಭುಜದ ಮೇಲಿಂದ ಪುಸ್ತಕ ಇಣುಕಿ, “ಅಕ್ಷರ ದುಂಡಗಿದೆ ಕಣೇ” ಎಂದು ಹೇಳಿ ಹೋದಳು. ಅದನ್ನು ಹೊಗಳಿಕೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ನವೆಂಬರ್ ಕೊನೆಗೆ ಪತ್ರ ಬಂತು. ನಮ್ಮ ಶಾಲೆಯಿಂದ ಅದುವರೆಗೆ ಒಂದೊಂದಾಗಿ ಹೋಗುತ್ತಿತ್ತು. ಮೊದಲು ಕೋಣೆ ಬೆಚ್ಚಗಿಡುವ ಒಲೆಯ ಡೀಸೆಲ್ ಹೋಯಿತು. ಎರಡು ಚಳಿಗಾಲ ಕೋಟು ಹಾಕಿಕೊಂಡೇ ಪಾಠ ಕೇಳಿದೆವು. ಆಮೇಲೆ ಭೌತಶಾಸ್ತ್ರದ ಮೇಷ್ಟ್ರು ಹೋದರು. ಆಮೇಲೆ ಕಸ ಗುಡಿಸುವ ಹೆಂಗಸು. ಈಗ ಶಾಲೆಯೇ. ಖರ್ಚು ಉಳಿಸಲು ನಮ್ಮನ್ನು ಮೂವತ್ತೊಂದು ಕಿಲೋಮೀಟರು ದೂರದ ಪೇಟೆಯ ಶಾಲೆಗೆ ಸೇರಿಸುತ್ತಾರೆ. ಬಸ್ಸು ಬೆಳಿಗ್ಗೆ ಆರೂಕಾಲಿಗೆ. ತಪ್ಪಿದರೆ ಮಧ್ಯಾಹ್ನದ ತನಕ ಇನ್ನೊಂದಿಲ್ಲ. ಆರೂಕಾಲಿಗೆ ನಾವು ಬಲೆ ಹಾಸುತ್ತಿರುತ್ತೇವೆ. ನಮಗೆ ಮುಂದೆ ಮೂರನೇ ಪೀರಿಯಡ್ ಎಂಬುದೇ ಇರುವುದಿಲ್ಲ. ಇದು ಎಲ್ಲರಿಗೂ ಅರ್ಥವಾಯಿತು. ಕೂಲಿಗೆ ಹೋಗುವವರು ಶಾಲೆ ಬಿಡುತ್ತಾರೆ, ಅಷ್ಟೇ.

ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಭೆ ಸೇರಿತು. ಮತಿನಾ ಕಸದ ಡಬ್ಬಿ ಕವುಚಿ ಹಾಕಿ ಅದರ ಮೇಲೆ ನಿಂತಳು. ಕಾಗದ ಇಲ್ಲ, ತಡವರಿಕೆ ಇಲ್ಲ. ಇವರು ಶಾಲೆಗೆ ಬೀಗ ಹಾಕುವ ಮೊದಲು ನಾವೇ ಹಾಕೋಣ ಎಂದಳು. ಕೈಗಳು ಎದ್ದವು. ನನ್ನ ಕೈಯೂ ಎದ್ದಿತು, ಕಿವಿಯವರೆಗೆ. ಎಣಿಸುವವನು ನಾನು ಕೂದಲು ಸರಿಮಾಡಿಕೊಳ್ಳುತ್ತಿದ್ದೇನೆ ಅಂದುಕೊಂಡು ಬಿಟ್ಟುಬಿಟ್ಟ. ನಾನೂ ತಿದ್ದಲಿಲ್ಲ. ನಿಜಕ್ಕೂ ಕೂದಲು ಸರಿಮಾಡಿಕೊಳ್ಳತೊಡಗಿದೆ.

ಬುಧವಾರ ಬೆಳಿಗ್ಗೆ ಮತಿನಾಳ ಮಾವನ ಟ್ರ್ಯಾಕ್ಟರಿನ ಸರಪಳಿ ಶಾಲೆಯ ಗೇಟಿಗೆ ಬಿತ್ತು. ನಾವು ಒಳಗೆ, ಮೇಷ್ಟ್ರುಗಳು ಹೊರಗೆ. ಎಲ್ಲರಿಗೂ ಕೆಲಸ ಹಂಚಿದರು. ಕೆಲವರು ಬ್ಯಾನರ್ ಬರೆದರು. ಕೆಲವರು ಕಕ್ಕಸು ತೊಳೆದರು. ನನ್ನ ಮುಂದೆ ಬಂದಾಗ ಮತಿನಾ ಸ್ವಲ್ಪ ಯೋಚಿಸಿ, ಯಾರೂ ಸದ್ದಿಲ್ಲದೆ ಮನೆಗೆ ಜಾರಿಕೊಳ್ಳದ ಹಾಗೆ ಹಾಜರಿ ಬರೆದುಕೋ ಎಂದಳು. ಬಂಡಾಯದಲ್ಲೂ ನನಗೆ ಅದೇ ಕೆಲಸ. ಹೊಸ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಇಂಕಿನಲ್ಲಿ ಬರೆದೆ.

ಎರಡನೆಯ ದಿನ ನಾನು ಮಾಡಿದ ಕೆಲಸವನ್ನು ಡೈರಿಯಲ್ಲಿ ಬರೆದು, ಮೇಲೆ ಗೀಚಿ, ಆಮೇಲೆ ಮತ್ತೆ ಬರೆದಿದ್ದೇನೆ.

ನಿಯಮದ ಪ್ರಕಾರ ಗೈರುಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ಮಧ್ಯಾಹ್ನ ದ್ರಿವಾಸ್ ಸರ್ ಗೇಟಿನ ಹತ್ತಿರ ಬಂದರು. ಅಮ್ಮ ಹೇಗಿದ್ದಾಳೆ ಎಂದು ವಿಚಾರಿಸಿದರು. ಒಳಗೆ ಚಳಿಯೇ ಎಂದು ಕೇಳಿದರು. ಆಮೇಲೆ ಪುಸ್ತಕ ಕೇಳಿದರು, ಮೆತ್ತಗೆ, ಅಂಗಡಿಯಲ್ಲಿ ಚಿಲ್ಲರೆ ಕೇಳಿದ ಹಾಗೆ. ನಾನು ಬ್ಯಾಗು ತೆರೆದು, ಗೋಣಿಚೂರುಗಳ ಕೆಳಗಿದ್ದ ಪುಸ್ತಕ ತೆಗೆದು, ಸರಪಳಿ ಪಕ್ಕಕ್ಕೆ ಸರಿಸಿ, ಸರಳುಗಳ ಸಂದಿಯಿಂದ ಕೊಟ್ಟೆ. ಎರಡೂ ಕೈಯಲ್ಲಿ ಕೊಟ್ಟೆ, ಮರ್ಯಾದೆಯಾಗಿ.

ಮತಿನಾ ಹಿಂದೆ ನಿಂತಿದ್ದಳು.

“ಸರಪಳಿ ಹಾಕಿದ್ದು ಯಾಕೆ ಅಂದ್ಕೊಂಡಿದೀಯ?” ಎಂದು ಕೇಳಿದಳು. “ಒಳಗಿಂದು ಹೊರಗೆ ಹೋಗ್ಬಾರ್ದು ಅಂತ. ನೀನು ಕಿಟಕಿ ತೆಗೆದು ಪೋಸ್ಟಾಫೀಸು ಇಟ್ಕೊಂಡಿದೀಯ.”

“ಸರ್ ಕೇಳಿದ್ರು,” ಎಂದೆ.

“ಸರ್ ಕೇಳಿದ್ರು,” ಎಂದು ನನ್ನದೇ ದನಿಯಲ್ಲಿ ಹೇಳಿದಳು. ಸುತ್ತಲಿದ್ದವರು ನಕ್ಕರು. ನನಗೂ ನಗು ಬಂತು. ಅವಮಾನವಾದಾಗ ನಗುವುದು ನನ್ನ ಹಳೆಯ ರೋಗ.

ಮರುವಾರ ಪುರಸಭೆಯ ಸಭಾಂಗಣಕ್ಕೆ ಜಿಲ್ಲೆಯ ಶಿಕ್ಷಣ ಕಚೇರಿಯಿಂದ ಒಬ್ಬ ಅಧಿಕಾರಿಣಿ ಬರುತ್ತಾಳೆ, ಎಲ್ಲರ ಮಾತು ಕೇಳುತ್ತಾಳೆ ಎಂದಾಯಿತು. ನಾವು ಶಾಲೆಯಿಂದ ಮೆರವಣಿಗೆ ಹೊರಟೆವು. ಬ್ಯಾನರಿನ ಒಂದು ಕೋಲು ನಾನು ಹಿಡಿದೆ. ಕೋಲು ಹಿಡಿದವರು ಕೂಗಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ಮುಂದಿನ ಸಾಲಿನಲ್ಲಿದ್ದೆನಲ್ಲ, ಬಾಯಿ ಮುಚ್ಚಿದರೆ ಕಾಣುತ್ತದೆ. ಹಾಗಾಗಿ ತುಟಿ ಅಲ್ಲಾಡಿಸಿದೆ. ಅಗ್ರಿಲೋಸಿನ ಮುಖ್ಯ ಬೀದಿಯ ಉದ್ದಕ್ಕೂ ನಾನು ಮೀನಿನ ಹಾಗೆ ಬಂಡಾಯ ಮಾಡಿದೆ.

ಸಭಾಂಗಣ ತುಂಬಿತ್ತು. ತೋಟದವರು ಕುರ್ಚಿಗಳಲ್ಲಿ. ಕೂಲಿಯವರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು, ಬೂಟಿನ ಮಣ್ಣು ನೆಲಕ್ಕಾಗಬಾರದೆಂದು ಒಂಟಿಕಾಲಲ್ಲಿ ನಿಂತ ಹಾಗೆ. ಅವರ ನಡುವೆ ಅಮ್ಮ. ನೇರ ತೋಟದಿಂದ ಬಂದಿದ್ದಳು. ಬೆಳಿಗ್ಗೆ ಅವಳು ನನಗೆ ಹೇಳಿದ್ದು ಇಷ್ಟೇ: “ಮಗಳೇ, ಬಾಯಿ ಮುಚ್ಕೊಂಡಿರು. ಮೇ ತಿಂಗಳ ಯೂನಿವರ್ಸಿಟಿ ಪರೀಕ್ಷೆ ಒಂದು ಮುಗೀಲಿ. ನಿನ್ನ ಕೈಗೆ ಆಲಿವ್ ಬಡಿಯೋ ಕೋಲು ಬರಬಾರ್ದು.” ಬಾಯಿ ಮುಚ್ಚಿಕೊಂಡಿರು ಎಂದು ನನಗೆ ಹೇಳುವ ಅಗತ್ಯವಿದೆ ಎಂದು ನಂಬಿದವಳು ಲೋಕದಲ್ಲಿ ಅವಳೊಬ್ಬಳೇ.

ಅಧಿಕಾರಿಣಿ ಒಳ್ಳೆಯ ಕೋಟು ಹಾಕಿದ್ದಳು. ದನಿಯೂ ಒಳ್ಳೆಯದೇ. ಮೂರು ತರಗತಿಯ ಮೂರು ಗೈರುಪುಸ್ತಕಗಳು ತನ್ನ ಮುಂದಿವೆ ಎಂದಳು. ಎರಡರಲ್ಲಿ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತು, ಅವನ್ನು ನಂಬುವ ಹಾಗಿಲ್ಲ. ನಂಬಬಹುದಾದದ್ದು ಇದೊಂದೇ ಎಂದು ನನ್ನ ಪುಸ್ತಕ ಎತ್ತಿ ಹಿಡಿದಳು. ಎಷ್ಟು ಅಚ್ಚುಕಟ್ಟು, ಒಂದು ಚಿತ್ತೂ ಇಲ್ಲ ಎಂದಳು. ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು.

ಆಮೇಲೆ ಅವಳು ಓದತೊಡಗಿದಳು. ಹತ್ತೊಂಬತ್ತು ಮಕ್ಕಳ ತರಗತಿಯಲ್ಲಿ ಇಷ್ಟು ಗಂಟೆ ಗೈರು. ಈ ವಾರ ಇಷ್ಟು. ಮುಂದಿನ ವಾರ ಇನ್ನಷ್ಟು. ಮೊದಲ ಎರಡು ಪೀರಿಯಡ್ ಅರ್ಧ ತರಗತಿಯೇ ಇಲ್ಲ. ಓದುವ ಮನಸ್ಸಿಲ್ಲದ ಮಕ್ಕಳಿಗಾಗಿ ಕಟ್ಟಡ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿದಳು. “ಖಾಲಿ ಬೆಂಚುಗಳಿಗೆ ಪಾಠ ಹೇಳಿಸೋಕೆ ಸರ್ಕಾರದ ಹತ್ರ ದುಡ್ಡಿಲ್ಲ,” ಎಂದಳು. ಮುಂದಿನ ಕುರ್ಚಿಗಳವರು ತಲೆಯಾಡಿಸಿದರು. ಆ ಬೆಂಚುಗಳು ಯಾಕೆ ಖಾಲಿ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ಅವರ ತೋಟಗಳು ಆ ಹೊತ್ತಿನಲ್ಲಿ ತುಂಬಿರುತ್ತಿದ್ದವು.

ನನಗೆ ಆಗ ಅರ್ಥವಾಯಿತು. ಶಾಲೆ ಮುಚ್ಚಲು ಅವರಿಗೆ ಒಂದು ಸಾಕ್ಷಿ ಬೇಕಿತ್ತು. ಹುಡುಕುವ ಕಷ್ಟ ಅವರಿಗೆ ಬರಲಿಲ್ಲ. ನಾನು ದಿನವೂ ದುಂಡಗೆ ಬರೆದು, ಸಹಿ ಹಾಕಿಸಿ, ಗೇಟಿನ ಸಂದಿಯಿಂದ ತಲುಪಿಸಿದ್ದೆ.

ಮತಿನಾ ಎದ್ದು ನಿಂತು ಮಾತಾಡಲು ಹೊರಟಳು. ಅಧಿಕಾರಿಣಿ ಅವಳ ಹೆಸರು ಕೇಳಿ, ಪುಟ ತಿರುಗಿಸಿದಳು.

“ತೊಂಬತ್ತೆರಡು ಗಂಟೆ,” ಎಂದಳು. “ಶಾಲೆ ಬೇಕು ಶಾಲೆ ಬೇಕು ಅಂತ ಬೀದೀಲಿ ಕೂಗ್ತೀಯ. ಶಾಲೆಗೆ ಮಾತ್ರ ಬರಲ್ಲ. ಎಲ್ಲಿರ್ತೀಯಮ್ಮ ಅಷ್ಟು ಹೊತ್ತು?”

ಜನ ನಕ್ಕರು. ಹಿಂದಿನ ಕುರ್ಚಿಯಿಂದ ಯಾರೋ ಹಾಸಿಗೆಯಲ್ಲಿ ಎಂದರು. ಇನ್ನೂ ನಗು.

ಕಸದ ಡಬ್ಬಿಯ ಮೇಲೆ ನಿಂತು ಇಡೀ ಶಾಲೆಯನ್ನು ಎಬ್ಬಿಸಿದವಳು ಬಾಯಿ ತೆರೆದಳು. ನನ್ನ ಕಡೆ ಒಮ್ಮೆ ನೋಡಿದಳು. ಬಾಯಿ ಮುಚ್ಚಿದಳು. ಕಿವಿಯವರೆಗೆ ಕೆಂಪಾಗಿ ಕೂತುಬಿಟ್ಟಳು.

ಮತಿನಾ ಮಾತಿಗೆ ಸೋಲುವುದನ್ನು ಯಾರೂ ನೋಡಿರಲಿಲ್ಲ. ನಾನು ನಿಧಾನಸ್ಥೆ, ಯಾಕೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲಿರುತ್ತೀಯ ಎಂಬ ಪ್ರಶ್ನೆಗೆ ಅವಳಲ್ಲಿ ಉತ್ತರವಿತ್ತು. ತೋಟದ ಹೆಸರು ಹೇಳಿದರೆ ಸಾಕಿತ್ತು. ಹೇಳಿದ ಕೂಡಲೇ, ನಿನ್ನ ಜೊತೆ ಮತ್ಯಾರಿದ್ದರು ಎಂದು ಕೇಳುತ್ತಿದ್ದರು. ಆಗ ನನ್ನ ಬಿಳಿಯ ಸಾಲು ಎಲ್ಲರಿಗೂ ಕಾಣುತ್ತಿತ್ತು. ಇಪ್ಪತ್ತೇಳು ದಿನ, ದಿನಕ್ಕೆ ಎರಡು ಪೀರಿಯಡ್. ಐವತ್ತನಾಲ್ಕು ಗಂಟೆ. ನನ್ನ ವರ್ಷ ಹೋಗುತ್ತಿತ್ತು, ಮೇ ತಿಂಗಳ ಪರೀಕ್ಷೆ ಹೋಗುತ್ತಿತ್ತು. ನಾನು ಅವಳ ಗೈರು ಇಂಕಿನಲ್ಲಿ ಬರೆದೆ. ಅವಳು ನನ್ನದನ್ನು ನುಂಗಿಕೊಂಡು ಕೂತಳು.

ಈ ಪುಸ್ತಕ ಬರೆದವರು ಯಾರು ಎಂದು ಅಧಿಕಾರಿಣಿ ಕೇಳಿದಳು. ದ್ರಿವಾಸ್ ಸರ್ ನನ್ನನ್ನು ಕರೆದು ವೇದಿಕೆಗೆ ಹತ್ತಿಸಿದರು. ನಮ್ಮ ಅತಿ ಬುದ್ಧಿವಂತ ವಿದ್ಯಾರ್ಥಿನಿ, ಒಂದು ಗಂಟೆಯೂ ತಪ್ಪಿಸಿಲ್ಲ ಎಂದು ಪರಿಚಯ ಮಾಡಿಕೊಟ್ಟರು. ಟೈಯ ಮೇಲೆ ಕೋಟು ಹಾಕಿದ್ದರು, ಕಾಲಿಗೆ ಈಗ ರಬ್ಬರ್ ಬೂಟಿರಲಿಲ್ಲ. ಒಂದು ಹಾಳೆ ಸಿದ್ಧವಾಗಿತ್ತು. ಗೈರುಪುಸ್ತಕದಲ್ಲಿ ಬರೆದಿರುವುದೆಲ್ಲ ಸರಿಯಾಗಿದೆ ಎಂದು ಕೆಳಗೆ ಸಹಿ ಹಾಕಬೇಕು, ಅಷ್ಟೇ. ಅಧಿಕಾರಿಣಿ ತನ್ನದೇ ಪೆನ್ನು ಕೊಟ್ಟಳು. ಭಾರವಾದ ಪೆನ್ನು.

“ಹಾಕು ಮಗು,” ಎಂದರು ಸರ್, ನನಗೊಬ್ಬಳಿಗೇ ಕೇಳುವ ಹಾಗೆ. “ಪರೀಕ್ಷೆ ನೆನಪಿರಲಿ.”

ಗೋಡೆಯ ಹತ್ತಿರ ಅಮ್ಮ ತಲೆ ಅಲ್ಲಾಡಿಸಿದಳು. ಬೇಡ ಎಂದು. ಹಾಕಬೇಡ ಎಂದೋ, ಮಾತಾಡಬೇಡ ಎಂದೋ, ಇವತ್ತಿಗೂ ನಾನು ಕೇಳಿಲ್ಲ.

ಡೈರಿಯಲ್ಲಿ ಇಂಥ ಹೊತ್ತಿಗೆಂದು ನಾನು ಎಷ್ಟೋ ಭಾಷಣಗಳನ್ನು ಬರೆದಿಟ್ಟಿದ್ದೆ. ಶಿಕ್ಷಣದ ಹಕ್ಕು, ಬಡವರ ಬೆವರು, ಎಲ್ಲ ಇತ್ತು. ಒಂದರಲ್ಲಿ ಅಡಿಗೆರೆ ಕೂಡ ಎಳೆದಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಅಂಗೈ ಒದ್ದೆಯಾಗಿ ಪೆನ್ನು ಜಾರುತ್ತಿತ್ತು. ನಾನು ಪೆನ್ನನ್ನು ಮೇಜಿನ ಮೇಲಿಟ್ಟೆ. ಅದು ಉರುಳಿತು. ಬೀಳದ ಹಾಗೆ ಹಿಡಿದು, ಸರಿಯಾಗಿ ಇಟ್ಟೆ. ಬೇರೆಯವರ ವಸ್ತು.

“ಸಹಿ ಹಾಕಲ್ಲ,” ಎಂದೆ.

ಏನಂದೆ ಎಂದು ಅಧಿಕಾರಿಣಿ ಕಿವಿ ಮುಂದೆ ತಂದಳು. ಕೇಳಿಸ್ತಿಲ್ಲ, ಜೋರಾಗಿ ಹೇಳು ಎಂದು ಕುರ್ಚಿಗಳಿಂದ ಯಾರೋ ಅಂದರು. ಇನ್ಯಾರೋ ನಕ್ಕರು. ನನ್ನ ಹಳೆಯ ರೋಗ ಎದೆಯೊಳಗಿಂದ ಎದ್ದು ತುಟಿಯವರೆಗೆ ಬಂತು. ನಗಲಿಲ್ಲ.

“ಮತಿನಾ ಎಲ್ಲಿದ್ದಳು ಅಂತ ನನಗೆ ಗೊತ್ತು,” ಎಂದೆ. ಅಷ್ಟು ದೊಡ್ಡ ದನಿ ನನ್ನದೇ ಎಂದು ಗೊತ್ತಾಗಲು ಹೊತ್ತು ಹಿಡಿಯಿತು. ಅಧಿಕಾರಿಣಿಯನ್ನು ನೋಡುತ್ತಿದ್ದವಳು ದ್ರಿವಾಸ್ ಸರ್ ಕಡೆ ತಿರುಗಿದೆ. “ಇಪ್ಪತ್ತೇಳು ದಿನ ಬಲೆಯ ಆ ತುದಿ ಅವಳ ಕೈಲಿತ್ತು, ಈ ತುದಿ ನನ್ನ ಕೈಲಿತ್ತು. ನಾವು ನಿಮ್ಮ ಆಲಿವ್ ಕೊಯ್ತಿದ್ವಿ, ಸರ್.”